ಮಾಳಿಗೆಯ ಕಿರು ರೈಲಿಗೆ ಅನಲಾಗ್ ವೈರಿಂಗ್ ಮಾಡಲೇ, ಡಿಜಿಟಲ್ ಮಾಡಲೇ?

ಲೋಂಡಾ ಪ್ಯಾಸೆಂಜರ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಟಿಳಕವಾಡಿಯ ನಮ್ಮ ಮನೆಯ ಮಾಳಿಗೆಯಲ್ಲಿ 12 ಅಡಿ ಉದ್ದ, 8 ಅಡಿ ಅಗಲದ ಒಂದು ಕೋಣೆ ಈ ವರ್ಷ ಖಾಲಿಯಾಯಿತು. ಅದರ ಮೂರು ಗೋಡೆಗಳ ಗುಂಟ ಪ್ಲೈವುಡ್ ಹಲಗೆ ಕೂರಿಸಿ, ಎಚ್‌ಒ ಪ್ರಮಾಣದಲ್ಲಿ, ಅಂದರೆ 1:87ರಲ್ಲಿ, ಲೋಂಡಾ ಜಂಕ್ಷನ್ನನ್ನು ಹೋಲುವ ನಿಲ್ದಾಣವೊಂದನ್ನು ಕಟ್ಟುತ್ತಿದ್ದೇನೆ. ಬೆಳಗಾವಿ ಕಡೆಯಿಂದ ಒಂದು ಮಾರ್ಗ, ಧಾರವಾಡದ ಕಡೆಯಿಂದ ಇನ್ನೊಂದು, ಕ್ಯಾಸಲ್ ರಾಕ್ ಕಡೆಗೆ ಹೋಗಿ ಘಟ್ಟ ಇಳಿಯುವ ಮಾರ್ಗ ಮೂರನೆಯದು. ಹಲಗೆಯ ಕೆಲಸ ಮುಗಿದಿದೆ, ಹಳಿಗಳೂ ಬಂದಿವೆ, ಆದರೆ ವೈರಿಂಗಿಗೆ ಕೈ ಹಾಕುವ ಮುನ್ನ ನಿಂತುಬಿಟ್ಟಿದ್ದೇನೆ.

ನನ್ನ ಬಳಿ ಮೂರು ಇಂಜಿನುಗಳಿವೆ. ಎರಡು ಹಳೆಯ ಅನಲಾಗ್ ಇಂಜಿನುಗಳು. ಮೂರನೆಯದರಲ್ಲಿ ಡಿಕೋಡರ್, ಅಂದರೆ ಡಿಜಿಟಲ್ ಸಂದೇಶ ಓದಿ ಮೋಟಾರ್ ನಡೆಸುವ ಚಿಕ್ಕ ಸರ್ಕ್ಯೂಟ್, ಕೂರಿಸಲು 8 ಪಿನ್ನಿನ ಸಾಕೆಟ್ ಇದೆ. ನಾನು ಒಂದು ಗಾಡಿಯನ್ನು ಪ್ಲಾಟ್‌ಫಾರ್ಮಿಗೆ ತರುತ್ತಿರುವಾಗ ಯಾರ್ಡಿನಲ್ಲಿ ತಾನು ಬೋಗಿಗಳನ್ನು ಜೋಡಿಸುವ, ಬಿಡಿಸುವ ಶಂಟಿಂಗ್ ಮಾಡುತ್ತಿರಬೇಕು ಎಂಬುದು ಹದಿನಾಲ್ಕು ವರ್ಷದ ನನ್ನ ಮಗನ ಆಸೆ. ವೈರಿಂಗನ್ನು ಒಮ್ಮೆ ಮಾಡಿ, ಮೇಲೆ ಮಣ್ಣು, ಜಲ್ಲಿ, ಗಿಡ ಎಲ್ಲವನ್ನೂ ಕೂರಿಸಿದ ಬಳಿಕ ಮತ್ತೆ ಕೀಳುವ ಶಕ್ತಿ ನನಗಿಲ್ಲ. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಘಟಪ್ರಭಾ ಲೂಪ್

ಇಬ್ಬರು ಒಂದೇ ಸಮಯಕ್ಕೆ ಓಡಿಸುವುದಾದರೆ ಡಿಜಿಟಲ್ ಒಂದೇ ದಾರಿ. ಇದರಲ್ಲಿ ಚರ್ಚೆಗೆ ಆಸ್ಪದವಿದೆ ಎಂದು ನನಗೆ ಅನ್ನಿಸುವುದಿಲ್ಲ.

ಸಿಗ್ನಲ್ ಕಾಕಾ (ವಿಜಯಪುರ)

ಆಸ್ಪದ ಬೇಕಾದಷ್ಟಿದೆ. ಗದಗ–ಹೊಟಗಿ ಮಾರ್ಗ ಮೀಟರ್ ಗೇಜ್ ಇದ್ದ ಕಾಲದಿಂದ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದವನು ನಾನು. ಮನೆಯಲ್ಲಿ ನನ್ನದೂ ಒಂದು ಕಿರು ರೈಲು ಇದೆ. ಅದು ಸಂಪೂರ್ಣ ಅನಲಾಗ್, ಅದರಲ್ಲಿ ಇಬ್ಬರು ನಿರಾತಂಕವಾಗಿ ಗಾಡಿ ಓಡಿಸುತ್ತೇವೆ.

ಅನಲಾಗಿನಲ್ಲಿ ಹಳಿಗೆ 0ಯಿಂದ 12 ವೋಲ್ಟ್‌ವರೆಗಿನ ಡಿಸಿ ಹೋಗುತ್ತದೆ. ವೋಲ್ಟೇಜ್ ಏರಿಸಿದರೆ ವೇಗ ಏರುತ್ತದೆ, ಧನ–ಋಣ ಅದಲುಬದಲು ಮಾಡಿದರೆ ಇಂಜಿನ್ ಹಿಂದಕ್ಕೆ ಬರುತ್ತದೆ. ಹಳಿಯನ್ನು ಹಲವು ವಿಭಾಗಗಳಾಗಿ ಕತ್ತರಿಸಿ, ಪ್ರತಿ ವಿಭಾಗಕ್ಕೂ ನಡುವೆ ಆಫ್ ಇರುವ ಎರಡು ಕಡೆಯ ಟಾಗಲ್ ಸ್ವಿಚ್ ಕೊಟ್ಟರೆ, ಆ ವಿಭಾಗವನ್ನು ಮೊದಲ ಕಂಟ್ರೋಲರಿಗೋ ಎರಡನೆಯದಕ್ಕೋ ಒಪ್ಪಿಸಬಹುದು, ಇಲ್ಲವೇ ಸತ್ತ ಹಳಿಯಾಗಿ ಇಡಬಹುದು. ನಿಜವಾದ ರೈಲ್ವೆಯಲ್ಲೂ ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಇರಬೇಕೆಂಬ ನಿಯಮವೇ ತಾನೆ? ನಾವು ಟೋಕನ್, ಅಂದರೆ ಮುಂದಿನ ಬ್ಲಾಕಿಗೆ ಹೋಗುವ ಅನುಮತಿ, ಕೊಡದೆ ಗಾಡಿ ಬಿಟ್ಟವರಲ್ಲ. ಮುಂದಿನ ವಿಭಾಗ ಖಾಲಿ ಇದೆಯೇ ಎಂದು ನೋಡಿ ಸ್ವಿಚ್ ಒತ್ತುವ ಅಭ್ಯಾಸ ಹುಡುಗನಿಗೆ ಆದರೆ ಅವನಿಗೆ ರೈಲ್ವೆಯೇ ಅರ್ಥವಾಗುತ್ತದೆ. ದೋಷ ಹುಡುಕಲು ನನಗೆ ಎರಡು ವೈರು ಕಟ್ಟಿದ ಒಂದು 12 ವೋಲ್ಟ್ ಬಲ್ಬು ಸಾಕು.

ನವನಗರ ಸರ್ಕ್ಯೂಟ್ (ಬಾಗಲಕೋಟೆ)

ಕಾಕಾ, ನಿಮ್ಮ ಅನುಭವಕ್ಕೆ ನನ್ನ ಗೌರವವಿದೆ, ಆದರೆ ಒಂದು ಮಾತು ಹೇಳಲೇಬೇಕು. ನಿಜವಾದ ರೈಲಿನಲ್ಲಿ ಡ್ರೈವರ್ ಇಂಜಿನಿನ ನಾಚ್ (ಶಕ್ತಿಯ ಹಂತ) ಏರಿಸುತ್ತಾನೆಯೇ ಹೊರತು ಹಳಿಯನ್ನು ಓಡಿಸುವುದಿಲ್ಲ. ಅನಲಾಗಿನಲ್ಲಿ ನಾವು ಓಡಿಸುವುದು ಹಳಿಯ ತುಂಡನ್ನು. ಅದರ ಮೇಲೆ ಎಷ್ಟು ಇಂಜಿನುಗಳಿದ್ದರೂ ಅಷ್ಟೂ ಚಲಿಸುತ್ತವೆ. ಡಿಜಿಟಲಿನಲ್ಲಿ ನಾವು ಓಡಿಸುವುದು ಇಂಜಿನನ್ನು.

ಲೋಂಡಾ ಅವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಹಳಿಯ ಮೇಲೆ ಸದಾಕಾಲ ಸುಮಾರು 14–16 ವೋಲ್ಟ್ ಇರುತ್ತದೆ, ಗಾಡಿ ನಿಂತಿದ್ದರೂ ಇರುತ್ತದೆ. ಆ ವಿದ್ಯುತ್ತು ಕ್ಷಣಕ್ಷಣವೂ ದಿಕ್ಕು ಬದಲಿಸುವ ಚೌಕ ಅಲೆ. ಅಲೆಯ ಪ್ರತಿ ಅರ್ಧವೂ 58 ಮೈಕ್ರೋಸೆಕೆಂಡ್ ಇದ್ದರೆ ಅದು 1, ಸುಮಾರು 100 ಮೈಕ್ರೋಸೆಕೆಂಡ್ ಅಥವಾ ಹೆಚ್ಚಿದ್ದರೆ ಅದು 0. ಹೀಗೆ ಶಕ್ತಿ ಮತ್ತು ಸಂದೇಶ ಎರಡೂ ಒಂದೇ ಜೋಡಿ ಹಳಿಯಲ್ಲಿ ಹರಿಯುತ್ತವೆ. ಪ್ರತಿ ಇಂಜಿನಿನ ಹೊಟ್ಟೆಯೊಳಗಿನ ಡಿಕೋಡರಿಗೆ ಒಂದು ವಿಳಾಸವಿರುತ್ತದೆ. ಕಾರ್ಖಾನೆಯಿಂದ ಬರುವಾಗ ಅದು ಸಾಮಾನ್ಯವಾಗಿ 3. ತನ್ನ ವಿಳಾಸಕ್ಕೆ ಬಂದ ಸಂದೇಶವನ್ನು ಮಾತ್ರ ಅದು ಪಾಲಿಸುತ್ತದೆ, ಉಳಿದುದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಒಂದೇ ಲೂಪ್ ಲೈನಿನಲ್ಲಿ, ಅಂದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ, ತಂದೆಯ ಇಂಜಿನಿನ ಮುಂದೆಯೇ ಮಗನ ಇಂಜಿನ್ ಬಂದು ಬೋಗಿ ಜೋಡಿಸಬಹುದು. ಅನಲಾಗಿನಲ್ಲಿ ಇದನ್ನು ಮಾಡಬೇಕಾದರೆ ಆ ಲೂಪಿನ ತುದಿಯನ್ನು ಇನ್ನೂ ಎರಡು ಕಡೆ ಕತ್ತರಿಸಬೇಕಾಗುತ್ತದೆ.

ಮೀಟರ್ ಗೇಜ್ ನೆನಪು (ಬಾಗಲಕೋಟೆ)

ನಾನು ಕಾಕಾ ಅವರ ಪಕ್ಷ. ವಿದ್ಯಾಗಿರಿಯ ನಮ್ಮ ಮನೆಯಲ್ಲಿ 5 ಅಡಿಯ ಕಪಾಟಿನ ಹಲಗೆಯ ಮೇಲೆ ಎಚ್‌ಒಗಿಂತ ಚಿಕ್ಕದಾದ ಎನ್ ಪ್ರಮಾಣದ ಒಂದು ನಿಲ್ದಾಣವಿದೆ. 9 ಮಿಲಿಮೀಟರ್ ಅಗಲದ ಹಳಿ, ಗಾಡಿಯ ದಾರಿ ಬದಲಿಸುವ ಮೂರು ಪಾಯಿಂಟು, ಒಂದೇ ಇಂಜಿನ್. ಇದಕ್ಕೆ ಡಿಕೋಡರ್, ಹಳಿಗೆ ಶಕ್ತಿ ಕೊಡುವ ಬೂಸ್ಟರ್, ಡಿಕೋಡರಿಗೆ ವಿಳಾಸ ಬರೆಯುವ ಪ್ರೋಗ್ರಾಮಿಂಗ್ ಟ್ರ್ಯಾಕ್ ಏಕೆ ಬೇಕು? ನನ್ನ ಚಿಕ್ಕ ಇಂಜಿನಿನೊಳಗೆ ಡಿಕೋಡರ್ ಹಿಡಿಸುವಷ್ಟು ಜಾಗವೂ ಇಲ್ಲ, ಅದಕ್ಕಾಗಿ ಲೋಹದ ಚಾಸಿಯನ್ನು ಅರದಿಂದ ತೀಡಬೇಕು.

ಇನ್ನೊಂದು ವಿಷಯ. ನಮ್ಮ ಕಡೆಯ ಹಳೆಯ ಗಾಡಿಗಳನ್ನು ಮಾಡಬೇಕೆಂದಿದ್ದರೆ ಎಚ್‌ಒ ಪ್ರಮಾಣದಲ್ಲಿ ಮೀಟರ್ ಗೇಜಿಗೆ 12 ಮಿಲಿಮೀಟರ್ ಹಳಿ ಹತ್ತಿರವಾಗುತ್ತದೆ. ಮೀಟರ್ ಗೇಜಿನ ಡೀಸೆಲ್ ಇಂಜಿನಾದ ವೈಡಿಎಂ-4ನ್ನು ಎಚ್‌ಒದ ಮಾಮೂಲಿ 16.5 ಮಿಲಿಮೀಟರ್ ಹಳಿಯ ಮೇಲೆ ನಿಲ್ಲಿಸಿದರೆ ನೋಡಲು ಆಗುವುದಿಲ್ಲ.

ಘಟಪ್ರಭಾ ಲೂಪ್

ಬ್ರಾಡ್ ಗೇಜಿನ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಹಾಗೆ ನೋಡಿದರೆ 16.5 ಅದಕ್ಕೂ ಸರಿಯಲ್ಲ. ಗೇಜಿನ ವಿಚಾರಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ವೈರಿಂಗಿನ ಬಗ್ಗೆ ಮಾತಾಡೋಣ.

ನಿಮ್ಮ ಐದು ಅಡಿಯ ಹಲಗೆಗೆ ಅನಲಾಗ್ ಸರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಮೂರು ದಿಕ್ಕಿನ ಜಂಕ್ಷನ್ ಕಟ್ಟುತ್ತಿದ್ದಾರೆ. ಅದರಲ್ಲೂ ಕ್ಯಾಸಲ್ ರಾಕಿನಿಂದ ಕುಳೆಂ ಕಡೆಗೆ ಇಳಿಯುವ ಘಟ್ಟ 37ಕ್ಕೆ 1ರ ಏರು. ಅಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಇಂಜಿನುಗಳು ತಳ್ಳದೆ ಸರಕು ಗಾಡಿ ಮೇಲೆ ಬರುವುದಿಲ್ಲ. ಅನಲಾಗಿನಲ್ಲಿ ಮುಂದೊಂದು, ಹಿಂದೊಂದು ಇಂಜಿನ್ ಕಟ್ಟಿ ನೋಡಿದ್ದೇನೆ. ಎರಡು ಮೋಟಾರುಗಳ ವೇಗ ಒಂದೇ ಸಮ ಇರಲಿಲ್ಲವಾದ್ದರಿಂದ ತಿರುವಿನಲ್ಲಿ ನಡುವಿನ ಬೋಗಿಗಳು ಹಳಿಯಿಂದ ಹೊರಗೆ ಜಿಗಿದವು. ಡಿಜಿಟಲಿನಲ್ಲಿ ಡಿಕೋಡರಿನ ನೆನಪಿನಲ್ಲಿರುವ ಸಿವಿ 2, ಸಿವಿ 5, ಸಿವಿ 6 ಎಂಬ ಮೌಲ್ಯಗಳನ್ನು ತಿದ್ದಿ ಎರಡರ ಆರಂಭದ, ಗರಿಷ್ಠ ಮತ್ತು ನಡುವಿನ ವೇಗಗಳನ್ನು ಹೊಂದಿಸಬಹುದು. ಬಳಿಕ ಸಿವಿ 19ರಲ್ಲಿ ಎರಡಕ್ಕೂ ಒಂದೇ ಜೋಡಿ ವಿಳಾಸ ಬರೆದರೆ ಒಂದೇ ಗುಂಡಿಗೆ ಎರಡೂ ಓಡುತ್ತವೆ.

ಸಿಗ್ನಲ್ ಕಾಕಾ (ವಿಜಯಪುರ)

ಬ್ಯಾಂಕರ್ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅಲ್ಲಿ ನನ್ನ ಪದ್ಧತಿ ಸೋಲುತ್ತದೆ. ಆದರೆ ಡಿಜಿಟಲ್ ಪದ್ಧತಿಗಳು ಬರುತ್ತವೆ, ಹೋಗುತ್ತವೆ. ಕಿರು ರೈಲು ತಯಾರಿಸುವ ಹಾರ್ನ್ಬಿ ಕಂಪನಿಯವರು 1979ರಲ್ಲೇ ಜೀರೋ ಒನ್ ಎಂಬ ಡಿಜಿಟಲ್ ಕಂಟ್ರೋಲರ್ ತಂದಿದ್ದರು. ಅದರಲ್ಲಿ 16 ಇಂಜಿನುಗಳಿಗೆ ವಿಳಾಸವಿತ್ತು. ಇಂದು ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ? ನನ್ನ ಹಳೆಯ ಡಿಸಿ ಕಂಟ್ರೋಲರ್ ಇಂದಿಗೂ ನಡೆಯುತ್ತಿದೆ.

ನವನಗರ ಸರ್ಕ್ಯೂಟ್ (ಬಾಗಲಕೋಟೆ)

ಅದು ಒಂದೇ ಕಂಪನಿಯ ಸ್ವಂತ ಪದ್ಧತಿಯಾಗಿತ್ತು ಕಾಕಾ. ಡಿಸಿಸಿ ಹಾಗಲ್ಲ. ಜರ್ಮನಿಯ ಲೆಂಜ್ ಕಂಪನಿ ರೂಪಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಕಿರು ರೈಲು ಹವ್ಯಾಸಿಗಳ ಅಮೆರಿಕದ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲಿ ಅದನ್ನು ಎಲ್ಲರಿಗೂ ತೆರೆದ ಮಾನಕವನ್ನಾಗಿ ಮಾಡಿತು. ಆದ್ದರಿಂದಲೇ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಕಂಟ್ರೋಲರಿನ ಮಾತು ಕೇಳುತ್ತದೆ.

ಉದ್ಯಮಬಾಗ ವೈಂಡರ್ (ಬೆಳಗಾವಿ)

ಲೋಂಡಾ ಅವರೇ, ನೀವು ಯಾವುದನ್ನೇ ಆರಿಸಿ, ಆ ಎರಡು ಹಳೆಯ ಇಂಜಿನುಗಳನ್ನು ಮೊದಲು ಪರೀಕ್ಷಿಸಿ. ನನ್ನ ವೃತ್ತಿಯೇ ಮೋಟಾರ್ ವೈಂಡಿಂಗ್, ಆದರೂ ಮೊದಲ ಡಿಕೋಡರನ್ನು ನಾನೇ ಸುಟ್ಟೆ. ಹಳೆಯ ಇಂಜಿನುಗಳಲ್ಲಿ ಮೋಟಾರಿನ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೆ ತಗುಲಿರುತ್ತದೆ, ಚಾಸಿಯ ಮೂಲಕವೇ ಅದು ಒಂದು ಹಳಿಗೆ ಸೇರಿರುತ್ತದೆ. ಅನಲಾಗಿನಲ್ಲಿ ಇದರಿಂದ ತೊಂದರೆಯಿಲ್ಲ. ಅದೇ ಸ್ಥಿತಿಯಲ್ಲಿ ಡಿಕೋಡರ್ ಜೋಡಿಸಿದರೆ ಹಳಿಯ ವಿದ್ಯುತ್ತು ಡಿಕೋಡರಿನ ಮೋಟಾರ್ ತುದಿಗೆ ಹಿಂದಿನಿಂದ ನುಗ್ಗುತ್ತದೆ, ಕ್ಷಣಾರ್ಧದಲ್ಲಿ ಹೊಗೆ ಬರುತ್ತದೆ.

ಕೆಂಪು ಮತ್ತು ಕಪ್ಪು ವೈರು ಹಳಿಗೆ, ಕಿತ್ತಳೆ ಮತ್ತು ಬೂದು ವೈರು ಮೋಟಾರಿಗೆ. ಡಿಕೋಡರ್ ಜೋಡಿಸುವ ಮುನ್ನ ಮಲ್ಟಿಮೀಟರಿನಲ್ಲಿ ಮೋಟಾರಿನ ಎರಡು ತುದಿಗಳಿಂದ ಎರಡೂ ಬದಿಯ ಚಕ್ರಗಳಿಗೆ ಒಟ್ಟು ನಾಲ್ಕು ಬಾರಿ ನೋಡಿ. ಎಲ್ಲಿಯೂ ಸಂಪರ್ಕ ತೋರಿಸಬಾರದು. ಆಮೇಲೆ ಮೋಟಾರಿಗೆ 12 ವೋಲ್ಟ್ ಕೊಟ್ಟು, ಅದನ್ನು ಒಂದು ಕ್ಷಣ ಬೆರಳಿನಿಂದ ತಡೆದು ಹಿಡಿದಾಗ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಅಳೆಯಿರಿ. ಡಿಕೋಡರಿನ ಮಿತಿ ಅದಕ್ಕಿಂತ ಹೆಚ್ಚಿರಬೇಕು. ಇಂಜಿನಿನೊಳಗೆ ಕೋರ್‌ಲೆಸ್ (ಒಳಗೆ ಕಬ್ಬಿಣದ ತಿರುಳಿಲ್ಲದ) ಮೋಟಾರ್ ಇದ್ದರೆ, ಡಿಕೋಡರ್ ಇಲ್ಲದೆ ಅದನ್ನು ಡಿಜಿಟಲ್ ಹಳಿಯ ಮೇಲೆ ಇಡಲೇಬೇಡಿ. ನಿಂತಲ್ಲೇ ಗುಂಯ್‌ಗುಡುತ್ತ ಬಿಸಿಯಾಗಿ ಹಾಳಾಗುತ್ತದೆ.

ಖಾನಾಪುರ ಗುರುಮಾತೆ

ನಿಮ್ಮ ನಕ್ಷೆಯಲ್ಲಿ ಗಾಡಿ ಸುತ್ತು ಹಾಕಿ ಬಂದ ಮಾರ್ಗಕ್ಕೇ ಮರಳಿ ಸೇರುವ ಲೂಪ್ ಇದೆಯೇ? ಅದನ್ನು ಮೊದಲು ತಿಳಿಸಿ. ಅಂಥ ಲೂಪ್ ಇದ್ದರೆ ಎಡ ಹಳಿ ಬಲ ಹಳಿಯನ್ನೇ ಮುಟ್ಟುತ್ತದೆ, ಶಾರ್ಟ್ ಆಗುತ್ತದೆ. ಇದು ಅನಲಾಗಿನಲ್ಲೂ ಹೌದು, ಡಿಜಿಟಲಿನಲ್ಲೂ ಹೌದು.

ನಾನು ಐದು ವರ್ಷ ಅನಲಾಗಿನಲ್ಲಿ ಇದನ್ನು ಅನುಭವಿಸಿದ್ದೇನೆ. ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ, ಗಾಡಿ ಪೂರ್ತಿ ಒಳಗೆ ಬಂದ ಮೇಲೆ ಮುಖ್ಯ ಮಾರ್ಗದ ಸ್ವಿಚ್ ತಿರುಗಿಸಬೇಕು. ಮರೆತರೆ ಗಾಡಿ ಹೊಸ್ತಿಲಲ್ಲಿ ನಿಲ್ಲುತ್ತದೆ. ನಮ್ಮ ಶಾಲೆಯ ಮಕ್ಕಳು ಮನೆಗೆ ನೋಡಲು ಬಂದಾಗ ಪ್ರತಿ ಸಲವೂ ಅಲ್ಲೇ ನಿಲ್ಲುತ್ತಿತ್ತು. ಡಿಜಿಟಲಿನಲ್ಲಿ ಇಂಜಿನಿನ ದಿಕ್ಕು ಹಳಿಯ ಧನ–ಋಣವನ್ನು ಅವಲಂಬಿಸಿಲ್ಲ. ಆದ್ದರಿಂದ ಆಟೋ ರಿವರ್ಸರ್ ಎಂಬ ಚಿಕ್ಕ ಸಾಧನವು ಶಾರ್ಟನ್ನು ಗುರುತಿಸಿ, ಗಾಡಿ ಓಡುತ್ತಿರುವಾಗಲೇ ಲೂಪಿನ ಸಂಪರ್ಕವನ್ನು ಅದಲುಬದಲು ಮಾಡಿಬಿಡುತ್ತದೆ. ಒಂದೇ ಎಚ್ಚರಿಕೆ: ಲೂಪಿನ ಉದ್ದ ನಿಮ್ಮ ಅತಿ ಉದ್ದದ ಗಾಡಿಗಿಂತ ಹೆಚ್ಚಿರಲಿ.

ಲೋಂಡಾ ಪ್ಯಾಸೆಂಜರ್ (ಬೆಳಗಾವಿ)

ಅಕ್ಕಾವ್ರೇ, ಘಟ್ಟದ ಕೆಳಗೆ, ಬೆಟ್ಟದ ಒಳಗೆ ಮರೆಯಾಗಿ ಅಂಥದೊಂದು ಲೂಪ್ ಇದೆ. ಅದು ಇಷ್ಟು ಮುಖ್ಯ ಎಂದು ತಿಳಿದಿರಲಿಲ್ಲ. ಈಗ ನನ್ನ ಮನಸ್ಸು ಡಿಜಿಟಲ್ ಕಡೆಗೆ ವಾಲುತ್ತಿದೆ, ಆದರೆ ಹೊರಗಿನಿಂದ ಕಂಟ್ರೋಲರ್ ತರಿಸುವ ಖರ್ಚು ಭಾರವೆನಿಸುತ್ತದೆ.

ನವನಗರ ಸರ್ಕ್ಯೂಟ್ (ಬಾಗಲಕೋಟೆ)

ತರಿಸಲೇಬೇಕೆಂದಿಲ್ಲ. ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಆರ್ಡುಯಿನೊ ಮೆಗಾ ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಮೇಲೆ ಹಳಿಗೆ ವಿದ್ಯುತ್ತು ಕೊಡುವ ಒಂದು ಮೋಟಾರ್ ಷೀಲ್ಡ್, 15 ವೋಲ್ಟಿನ ಒಳ್ಳೆಯ ಪವರ್ ಸಪ್ಲೈ, ಇಷ್ಟರಿಂದ ಹಳಿಗೆ ಸಂದೇಶ ಕಳಿಸುವ ಕಮಾಂಡ್ ಸ್ಟೇಷನ್ ಸಿದ್ಧವಾಗುತ್ತದೆ. ಷೀಲ್ಡಿನ ಒಂದು ಚಾನಲ್ ಮುಖ್ಯ ಮಾರ್ಗಕ್ಕೆ, ಇನ್ನೊಂದು ಪ್ರೋಗ್ರಾಮಿಂಗ್ ಟ್ರ್ಯಾಕಿಗೆ. ಒಂದು ಚಾನಲಿಗೆ 2 ಆಂಪಿಯರ್ ಮಿತಿ. ನಿಮ್ಮ ಮೂರು ಇಂಜಿನುಗಳಿಗೆ ಅದು ಸಾಕು. ಷೀಲ್ಡಿನ ಹಿಂಬದಿಯಲ್ಲಿ ‘ವಿನ್ ಕನೆಕ್ಟ್’ ಎಂದು ಬರೆದಿರುವ ಜೋಡಣೆಯನ್ನು ಬ್ಲೇಡಿನಿಂದ ಕತ್ತರಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲವಾದರೆ ಆ 15 ವೋಲ್ಟ್ ಆರ್ಡುಯಿನೊಗೂ ನುಗ್ಗುತ್ತದೆ. ಕಿರು ರೈಲು ನಡೆಸುವ ಜೆಎಂಆರ್‌ಐ ತಂತ್ರಾಂಶವನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡರೆ ನಿಮ್ಮ ಫೋನು ಒಂದು ಥ್ರಾಟಲ್ (ವೇಗದ ಕಂಟ್ರೋಲರ್), ಮಗನದು ಇನ್ನೊಂದು.

ಸಿಗ್ನಲ್ ಕಾಕಾ (ವಿಜಯಪುರ)

ಗಾಡಿಯ ಮೇಲೆ ಕಣ್ಣಿಡಬೇಕಾದವನು ಫೋನಿನ ಗಾಜನ್ನು ನೋಡುತ್ತ ಕೂರುವುದು ಸರಿಯಲ್ಲ. ಬೆರಳಿಗೆ ಸಿಗುವ ಗುಂಡಿ ಬೇಕು. ಇದೂ ಅಲ್ಲದೆ ಡಿಜಿಟಲ್ ಎಂದರೆ ಹಳಿಯ ಕೊಳೆಯನ್ನು ಸಹಿಸುವುದಿಲ್ಲ. ನಮ್ಮ ವಿಜಯಪುರದ ಬೇಸಿಗೆಯ ಧೂಳು ಎಂಥದೆಂದು ನಿಮಗೆ ಗೊತ್ತಿದೆ.

ಖಾನಾಪುರ ಗುರುಮಾತೆ

ಗುಂಡಿಯ ವಿಚಾರದಲ್ಲಿ ಕಾಕಾ ಅವರ ಮಾತು ನೂರಕ್ಕೆ ನೂರು ಸರಿ. ಕೊಳೆಯ ವಿಚಾರದಲ್ಲಿ ಹಾಗೆನ್ನಲಾರೆ. ಅನಲಾಗಿನಲ್ಲಿ ನಿಧಾನವಾಗಿ ಓಡಿಸುವಾಗ ಹಳಿಯಲ್ಲಿ ಎರಡು ಮೂರು ವೋಲ್ಟ್ ಮಾತ್ರ ಇರುತ್ತದೆ, ಅದು ಕೊಳೆಯ ಪೊರೆಯನ್ನು ದಾಟುವುದಿಲ್ಲ. ಡಿಜಿಟಲಿನಲ್ಲಿ ಯಾವಾಗಲೂ ಪೂರ್ಣ ವೋಲ್ಟೇಜ್ ಇರುತ್ತದೆ. ಆದರೆ ಸಂಪರ್ಕ ತಪ್ಪಿದಾಗ ಡಿಕೋಡರ್ ಎಚ್ಚರ ತಪ್ಪಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಇಂಜಿನ್ ತಡವರಿಸುತ್ತದೆ. ಅದಕ್ಕೆ ಕೀಪ್ ಅಲೈವ್ ಎಂಬ ಕೆಪಾಸಿಟರ್ ಜೋಡಿಸುತ್ತಾರೆ. ನಮ್ಮ ಕಡೆ ಧೂಳಿಗಿಂತ ಮಳೆಗಾಲದ ತೇವವೇ ವೈರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಹಳಿ ಒರೆಸುವುದು ಎರಡೂ ಪದ್ಧತಿಗೆ ತಪ್ಪದು.

ಮೀಟರ್ ಗೇಜ್ ನೆನಪು (ಬಾಗಲಕೋಟೆ)

ಹಳೆಯ ಇಂಜಿನುಗಳನ್ನು ಅನಲಾಗಿನಲ್ಲೇ ಉಳಿಸಿಕೊಂಡು, ಒಂದು ಸ್ವಿಚ್ಚಿನಿಂದ ಇಡೀ ಹಳಿಯನ್ನು ಕೆಲವೊಮ್ಮೆ ಅನಲಾಗಿಗೆ, ಕೆಲವೊಮ್ಮೆ ಡಿಜಿಟಲಿಗೆ ಬದಲಿಸಿಕೊಳ್ಳಬಹುದಲ್ಲ?

ನವನಗರ ಸರ್ಕ್ಯೂಟ್ (ಬಾಗಲಕೋಟೆ)

ಇಡೀ ಹಳಿ ಒಟ್ಟಿಗೆ ಬದಲಾಗುವುದಾದರೆ, ಅದೂ ನಡುವೆ ಆಫ್ ಇರುವ ಒಂದೇ ಸ್ವಿಚ್ಚಿನಿಂದ ಬದಲಾಗುವುದಾದರೆ, ಅಡ್ಡಿಯಿಲ್ಲ. ಆದರೆ ಒಂದು ವಿಭಾಗ ಅನಲಾಗ್, ಪಕ್ಕದ ವಿಭಾಗ ಡಿಜಿಟಲ್ ಎಂದು ಎಂದಿಗೂ ಮಾಡಬೇಡಿ. ಗಾಡಿಯ ಚಕ್ರ ಆ ಕತ್ತರಿಸಿದ ಜಾಗವನ್ನು ದಾಟುವಾಗ ಎರಡೂ ವಿದ್ಯುತ್ತುಗಳು ಕೂಡುತ್ತವೆ, ಕಂಟ್ರೋಲರ್ ಸುಡುತ್ತದೆ. ಡಿಕೋಡರ್ ಹಾಕಿದ ಇಂಜಿನುಗಳಲ್ಲಿ ಸಿವಿ 29ರ ಮೌಲ್ಯ 6 ಇದ್ದರೆ ಅವು ಅನಲಾಗಿನಲ್ಲೂ ಓಡುತ್ತವೆ. ಆದರೆ ಆ ಅನುಮತಿ ಇದ್ದಾಗ ಡಿಜಿಟಲ್ ಹಳಿಯಲ್ಲಿ ಶಾರ್ಟ್ ಆದ ಕ್ಷಣ, ಇಂಜಿನ್ ಅನಲಾಗ್ ಹಳಿ ಬಂತೆಂದು ತಿಳಿದು ಪೂರ್ಣ ವೇಗದಲ್ಲಿ ಓಡಿಬಿಡುವ ಸಾಧ್ಯತೆ ಇದೆ. ಅನಲಾಗ್ ಬಿಟ್ಟಮೇಲೆ ಅಲ್ಲಿ 2 ಎಂದು ಬರೆಯಿರಿ.

ಉದ್ಯಮಬಾಗ ವೈಂಡರ್ (ಬೆಳಗಾವಿ)

ಇಷ್ಟೆಲ್ಲ ವಾದ ನಡೆಯುತ್ತಿದೆ, ಆದರೆ ಹಲಗೆಯ ಕೆಳಗಿನ ವೈರಿನ ದಪ್ಪದ ಬಗ್ಗೆ ಯಾರೂ ಮಾತಾಡಿಲ್ಲ. ಡಿಜಿಟಲಿಗೆ ಎರಡೇ ವೈರು ಸಾಕು ಎಂದು ನಂಬಿಸಿ ಮಾರುವವರನ್ನು ಕಂಡಿದ್ದೇನೆ. ಎರಡೇ ವೈರು ಹೌದು, ಆದರೆ ಎಂಥ ವೈರು? 0.2 ಚದರ ಮಿಲಿಮೀಟರಿನ ಬಳ್ಳಿಯಂಥ ವೈರನ್ನು 8 ಮೀಟರ್ ಎಳೆದರೆ, ಹೋಗಿಬರುವ 16 ಮೀಟರಿನಲ್ಲಿ 2 ಆಂಪಿಯರಿಗೆ ಸುಮಾರು 2.75 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರಾದರೆ ಕಳೆಯುವುದು 0.37 ವೋಲ್ಟ್ ಮಾತ್ರ. ಆ ದಪ್ಪ ವೈರನ್ನು ಹಲಗೆಯ ಕೆಳಗೆ ಉದ್ದಕ್ಕೂ ಬಸ್ ಆಗಿ, ಅಂದರೆ ಮುಖ್ಯ ವೈರಾಗಿ, ಎಳೆಯಿರಿ, ಪ್ರತಿ 3 ಅಡಿಗೊಂದು ಚಿಕ್ಕ ವೈರನ್ನು ಹಳಿಗೆ ಬೆಸುಗೆ ಹಾಕಿ. ಹಳಿಯ ತುಂಡುಗಳನ್ನು ಜೋಡಿಸುವ ಫಿಷ್‌ಪ್ಲೇಟುಗಳ ಮೇಲೆ ವಿದ್ಯುತ್ತಿನ ಭಾರ ಹಾಕಬೇಡಿ, ಅವು ಹಳಿಯನ್ನು ನೇರವಾಗಿ ಹಿಡಿಯಲಷ್ಟೇ ಇವೆ.

ಸಿಗ್ನಲ್ ಕಾಕಾ (ವಿಜಯಪುರ)

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ತಮ್ಮಾ ಲೋಂಡಾ, ನೀವು ಡಿಜಿಟಲ್ ಮಾಡಿದರೂ ಹಳಿಯನ್ನು ವಿಭಾಗಗಳಾಗಿ ಕತ್ತರಿಸುವುದನ್ನು ಬಿಡಬೇಡಿ. ಯಾರ್ಡ್ ಒಂದು, ನಿಲ್ದಾಣ ಒಂದು, ಘಟ್ಟ ಒಂದು, ಒಳಗಿನ ಲೂಪ್ ಒಂದು. ಒಂದೇ ವಿಭಾಗವಾಗಿದ್ದರೆ ಹುಡುಗನ ಇಂಜಿನ್ ಯಾರ್ಡಿನ ಪಾಯಿಂಟಿನಲ್ಲಿ ಹಳಿ ತಪ್ಪಿದ ಕೂಡಲೇ ಘಟ್ಟದಲ್ಲಿರುವ ನಿಮ್ಮ ಗಾಡಿಯೂ ನಿಲ್ಲುತ್ತದೆ, ದೋಷ ಎಲ್ಲಿದೆ ಎಂದು ಮಾಳಿಗೆಯನ್ನೆಲ್ಲ ಹುಡುಕಬೇಕಾಗುತ್ತದೆ. ಪ್ರತಿ ವಿಭಾಗಕ್ಕೂ ಒಂದು ಸ್ವಿಚ್ ಇದ್ದರೆ ಒಂದೊಂದಾಗಿ ಆಫ್ ಮಾಡಿ ನೋಡಬಹುದು.

ಘಟಪ್ರಭಾ ಲೂಪ್

ವಿಭಾಗಕ್ಕೊಂದು ಕಾರಿನ ಬ್ರೇಕ್ ಲೈಟಿನ 12 ವೋಲ್ಟ್, 21 ವಾಟ್ ಬಲ್ಬನ್ನು ಸರಣಿಯಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಶಾರ್ಟ್ ಆದ ವಿಭಾಗದ ಬಲ್ಬು ಉರಿದು ತಾನೇ ವಿದ್ಯುತ್ತನ್ನು ತಡೆಯುತ್ತದೆ. 2 ಆಂಪಿಯರಿನ ಷೀಲ್ಡಿಗೆ ಇದು ಗಡಿಯ ಲೆಕ್ಕವಾದ್ದರಿಂದ, ಮುಂದೆ ದೊಡ್ಡ ಬೂಸ್ಟರ್ ಹಾಕಿದಾಗ ಮಾಡಿ.

ಲೋಂಡಾ ಪ್ಯಾಸೆಂಜರ್ (ಬೆಳಗಾವಿ)

ನಿರ್ಧರಿಸಿದ್ದೇನೆ. ಮಗನಿಗಾಗಿ ಮತ್ತು ಆ ಲೂಪಿಗಾಗಿ ಡಿಜಿಟಲ್. ಕಾಕಾ ಅವರು ಹೇಳಿದಂತೆ ನಾಲ್ಕು ವಿಭಾಗ, ನಾಲ್ಕು ಸ್ವಿಚ್. ಹಳೆಯ ಎರಡು ಇಂಜಿನುಗಳಲ್ಲಿ ಒಂದರ ಮೋಟಾರ್ ಚಾಸಿಗೆ ತಗುಲಿರುವುದು ಮೀಟರಿನಲ್ಲಿ ಕಂಡಿತು. ಅದನ್ನು ಉದ್ಯಮಬಾಗಕ್ಕೆ ತರಲೇ?

ಉದ್ಯಮಬಾಗ ವೈಂಡರ್ (ಬೆಳಗಾವಿ)

ಭಾನುವಾರ ಬೆಳಿಗ್ಗೆ ತನ್ನಿ. ಬ್ರಷ್ ಬಿಡಿಸಿ, ನಡುವೆ ಫೈಬರ್ ಹಾಳೆ ಕೊಟ್ಟು ಕೂರಿಸೋಣ.

ಲೋಂಡಾ ಪ್ಯಾಸೆಂಜರ್ (ಬೆಳಗಾವಿ)

ಎರಡು ವಾರಗಳ ಬಳಿಕ ಬರೆಯುತ್ತಿದ್ದೇನೆ. 1.5ರ ಬಸ್ ಎಳೆದು ಮುಗಿಯಿತು. ಕಮಾಂಡ್ ಸ್ಟೇಷನ್ ಜೋಡಿಸುವ ಮುನ್ನ 12 ವೋಲ್ಟಿನ ಡಿಸಿ ಕೊಟ್ಟು, 21 ವಾಟಿನ ಅದೇ ಬ್ರೇಕ್ ಲೈಟ್ ಬಲ್ಬನ್ನು ಎಲ್ಲ ಕಡೆ ಇಟ್ಟು ವೋಲ್ಟೇಜ್ ಅಳೆದೆ. ಯಾರ್ಡಿನಲ್ಲಿ 11.8, ನಿಲ್ದಾಣದಲ್ಲಿ 11.7 ಬಂತು. ಘಟ್ಟದ ತುದಿಯ ಪಾಯಿಂಟು ದಾಟಿದ ಮೇಲೆ ಮಾತ್ರ 10.1 ತೋರಿಸುತ್ತದೆ. ಕಮಾಂಡ್ ಸ್ಟೇಷನ್ ಜೋಡಿಸಿ, ಬೇಕೆಂದೇ ಶಾರ್ಟ್ ಮಾಡಿ ನೋಡಲು ಅಲ್ಲಿ ಹಳಿಗೆ ಅಡ್ಡಲಾಗಿ ಐದು ರೂಪಾಯಿ ನಾಣ್ಯ ಇಟ್ಟರೆ ಟ್ರಿಪ್ ಆಗಿ ವಿದ್ಯುತ್ತು ಕಡಿಯುತ್ತಿಲ್ಲ, ನಾಣ್ಯ ಬಿಸಿಯಾಗುತ್ತದೆ.

ಸಿಗ್ನಲ್ ಕಾಕಾ (ವಿಜಯಪುರ)

ಕೂಡಲೇ ನಾಣ್ಯ ತೆಗೆಯಿರಿ. ಟ್ರಿಪ್ ಆಗದ ಶಾರ್ಟ್ ಅತ್ಯಂತ ಅಪಾಯಕಾರಿ, ಅದು ಬೋಗಿಯ ಚಕ್ರವನ್ನೇ ಕರಗಿಸಬಲ್ಲದು. ಆ ಪಾಯಿಂಟಿನ ಆಚೆಗೆ ಬಸ್ಸಿನಿಂದ ವೈರು ಕೊಟ್ಟಿದ್ದೀರಾ? ಪಾಯಿಂಟಿನ ನಾಲಗೆ ಹಳಿಯನ್ನು ಮುಟ್ಟುವ ಜಾಗದ ಮೂಲಕವೇ ವಿದ್ಯುತ್ತು ಹೋಗುತ್ತಿದೆ ಎಂದು ಕಾಣುತ್ತದೆ.

ಲೋಂಡಾ ಪ್ಯಾಸೆಂಜರ್ (ಬೆಳಗಾವಿ)

ಕೊಟ್ಟಿರಲಿಲ್ಲ ಕಾಕಾ. ಇಂದು ಸಂಜೆ ಮಗನೇ ಹಲಗೆಯ ಕೆಳಗೆ ಮಲಗಿ, ಪಾಯಿಂಟಿನ ಆಚೆಯ ಎರಡೂ ಹಳಿಗಳಿಗೆ ವೈರು ಬೆಸೆದ. ಈಗ ಅಲ್ಲಿಯೂ 11.6 ವೋಲ್ಟ್ ಇದೆ. ನಾಣ್ಯ ಇಟ್ಟ ಕ್ಷಣವೇ ಟ್ರಿಪ್ ಆಗುತ್ತದೆ.